ವಿಆರ್ ಆಟ ಎಡವುತ್ತಿದೆಯೇ? ಸೆಟ್ಟಿಂಗ್ ಮುಟ್ಟುವ ಮೊದಲು ತಡ ಎಲ್ಲಿದೆ ಎಂದು ಹುಡುಕಿ

ಅಕ್ಕನ ಮಗ ದಸರಾ ರಜೆಗೆ ನಮ್ಮ ಮನೆಗೆ ಬಂದಾಗ ಅವನ ಚೀಲದಲ್ಲಿ ಬಟ್ಟೆಗಿಂತ ವೈರುಗಳೇ ಹೆಚ್ಚಿದ್ದವು. ಒಂದು ಗೇಮಿಂಗ್ ಲ್ಯಾಪ್‌ಟಾಪ್, ಯಾರಿಂದಲೋ ಅರ್ಧ ಬೆಲೆಗೆ ಕೊಂಡ ಕ್ವೆಸ್ಟ್ 2 ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡು ಆಟದ ಲೋಕದೊಳಗೇ ಇಳಿಯುವ ವಿಆರ್, ಅಂದರೆ ವರ್ಚುವಲ್ ರಿಯಾಲಿಟಿ ಸಾಧನ), ಎರಡನ್ನೂ ಜೋಡಿಸಲು ಐದು ಮೀಟರ್ ಕೇಬಲ್. ಹಾಸ್ಟೆಲಿನಲ್ಲಿ ಸರಾಗವಾಗಿ ಓಡುತ್ತಿದ್ದ ಆಟ ನಮ್ಮ ಮನೆಯಲ್ಲಿ ಎಡವತೊಡಗಿತು. ತಲೆ ತಿರುಗಿಸಿದರೆ ಎದುರಿನ ಗೋಡೆ ತಡವಾಗಿ ಹಿಂಬಾಲಿಸುತ್ತದೆ, ಕೈ ಬೀಸಿದರೆ ಅಂಚುಗಳು ನೀರಿನಲ್ಲಿ ಕಂಡಂತೆ ಅಲುಗುತ್ತವೆ, ಹತ್ತು ನಿಮಿಷಕ್ಕೆ ಹೊಟ್ಟೆ ತೊಳಸುತ್ತದೆ. "ಮಾಮ, ನೆರಳು, ಹೊಗೆ, ಹುಲ್ಲು ಎಲ್ಲವನ್ನೂ ಇಳಿಸಿದ್ದೇನೆ. ಇನ್ನೇನು ಇಳಿಸಲಿ?" ಎಂದು ಕೇಳಿದ. ಇಳಿಸಿ ಇಳಿಸಿ ಆಟದ ಮುಖವೇ ಕೆಟ್ಟುಹೋಗಿತ್ತು. ಎಡವುವುದು ಮಾತ್ರ ನಿಂತಿರಲಿಲ್ಲ.

ಹತ್ತರಲ್ಲಿ ಎಂಟು ಜನ ಮಾಡುವ ತಪ್ಪು ಇದೇ. ಫ್ರೇಮ್‌ರೇಟ್ (ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ) ಬಿದ್ದ ಕೂಡಲೇ ಸಿಕ್ಕಿದ ಸೆಟ್ಟಿಂಗನ್ನೆಲ್ಲ ಒಮ್ಮೆಗೇ ಕೆಳಗೆಳೆಯುತ್ತಾರೆ. ಆಮೇಲೆ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ಸರಿಹೋಗದಿದ್ದರಂತೂ ಕೇಳುವುದೇ ಬೇಡ. ಹೆಡ್‌ಸೆಟ್‌ನಲ್ಲಿ ಒಂದು ಚಿತ್ರ ಕಣ್ಣಿಗೆ ತಲುಪಲು ಮೂವರ ಕೈ ದಾಟಬೇಕು. ಏನನ್ನು ಬಿಡಿಸಬೇಕೆಂದು ಪ್ರೊಸೆಸರ್ ಲೆಕ್ಕ ಹಾಕುತ್ತದೆ, ಗ್ರಾಫಿಕ್ಸ್ ಕಾರ್ಡ್ ಬಿಡಿಸುತ್ತದೆ, ಕೇಬಲ್ ಅಥವಾ ವೈಫೈ ಅದನ್ನು ಸಾಗಿಸುತ್ತದೆ. ಮೂವರಲ್ಲಿ ತಡಮಾಡುತ್ತಿರುವವರು ಯಾರೆಂದು ಗೊತ್ತಾಗುವವರೆಗೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ.

ಲೆಕ್ಕ ಮಿಲಿಸೆಕೆಂಡಿನಲ್ಲಿರಲಿ

ಮಾನಿಟರ್ ಮುಂದೆ ಕುಳಿತು ಆಡುವಾಗ ಫ್ರೇಮ್‌ರೇಟ್ 90 ಇದ್ದದ್ದು 80ಕ್ಕೆ ಇಳಿದರೆ ಬಹಳ ಜನರಿಗೆ ಗೊತ್ತೂ ಆಗುವುದಿಲ್ಲ. ಹೆಡ್‌ಸೆಟ್‌ನಲ್ಲಿ ಹಾಗಲ್ಲ. ಅದು 90 ಹರ್ಟ್ಸ್‌ನಲ್ಲಿದ್ದರೆ, ಅಂದರೆ ಸೆಕೆಂಡಿಗೆ 90 ಸಲ ಚಿತ್ರ ಬದಲಿಸುತ್ತಿದ್ದರೆ, ಪ್ರತಿ 11.1 ಮಿಲಿಸೆಕೆಂಡಿಗೆ ಹೊಸ ಚಿತ್ರವೊಂದು ಸಿದ್ಧವಿರಬೇಕು. 72 ಹರ್ಟ್ಸ್ ಆದರೆ ಗಡುವು 13.9 ಮಿಲಿಸೆಕೆಂಡ್, 80ಕ್ಕೆ 12.5, 120ಕ್ಕೆ 8.3. ಇದು ಹಳ್ಳಿಯ ಬಸ್ಸು ಹಿಡಿದಂತೆ: ಅರ್ಧ ನಿಮಿಷ ತಡವಾದರೂ ಅರ್ಧ ಗಂಟೆ ತಡವಾದರೂ ಹತ್ತುವುದು ಮುಂದಿನ ಬಸ್ಸನ್ನೇ. 11.5 ಮಿಲಿಸೆಕೆಂಡಿಗೆ ಮುಗಿದ ಚಿತ್ರಕ್ಕೆ ಈ ಸರದಿ ತಪ್ಪುತ್ತದೆ. ಹೆಡ್‌ಸೆಟ್ ಆಗ ಹಿಂದಿನ ಚಿತ್ರವನ್ನೇ ನಿಮ್ಮ ತಲೆಯ ಚಲನೆಗೆ ತಕ್ಕಂತೆ ಸ್ವಲ್ಪ ಹೊರಳಿಸಿ ತೋರಿಸಿ ಕಾಲ ತಳ್ಳುತ್ತದೆ. ಆದ್ದರಿಂದ "ಸೆಕೆಂಡಿಗೆ ಎಷ್ಟು ಫ್ರೇಮ್ (ಎಫ್‌ಪಿಎಸ್) ಬರುತ್ತಿದೆ" ಎಂದು ಕೇಳುವುದಕ್ಕಿಂತ "ಒಂದು ಫ್ರೇಮ್‌ಗೆ ಎಷ್ಟು ಮಿಲಿಸೆಕೆಂಡ್ ಹಿಡಿಯುತ್ತಿದೆ" ಎಂದು ಕೇಳುವುದು ಉಪಯುಕ್ತ.

ಕೆಲಸದ ಹೊರೆ ಎಷ್ಟೆಂಬ ಅಂದಾಜೂ ಇರಲಿ. ಕ್ವೆಸ್ಟ್ 2ರಲ್ಲಿ ಒಂದೊಂದು ಕಣ್ಣಿಗೆ 1832×1920 ಪಿಕ್ಸೆಲ್, ಎರಡೂ ಸೇರಿ ಸುಮಾರು 70 ಲಕ್ಷ. ಫುಲ್ ಎಚ್‌ಡಿ ಮಾನಿಟರ್‌ನಲ್ಲಿರುವುದು 21 ಲಕ್ಷಕ್ಕೂ ತುಸು ಕಡಿಮೆ. ಅಷ್ಟೇ ಅಲ್ಲ, ಲೆನ್ಸ್ ಚಿತ್ರವನ್ನು ಬಾಗಿಸುವುದರಿಂದ ಅದನ್ನು ಸರಿಪಡಿಸಲು ಪರದೆಗಿಂತ ದೊಡ್ಡ ಚಿತ್ರವನ್ನೇ ಬಿಡಿಸಬೇಕಾಗುತ್ತದೆ. 2016ರ ಎಚ್‌ಟಿಸಿ ವೈವ್‌ನಲ್ಲಿ ಪರದೆ ಕಣ್ಣಿಗೆ 1080×1200 ಇದ್ದರೂ ಗ್ರಾಫಿಕ್ಸ್ ಕಾರ್ಡ್ ಬಿಡಿಸುತ್ತಿದ್ದದ್ದು 1512×1680. "ಇದೇ ಕಾರ್ಡ್‌ನಲ್ಲಿ ಮಾನಿಟರ್ ಮೇಲೆ ನೂರು ಫ್ರೇಮ್ ಬರುತ್ತದಲ್ಲ" ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

45ರಲ್ಲಿ ಕಚ್ಚಿಕೊಂಡು ನಿಂತರೆ

ಹುಡುಗನ ಲ್ಯಾಪ್‌ಟಾಪ್ 45 ಎಂದು ತೋರಿಸುತ್ತಿತ್ತು. ಆಟದ ಮೆನುವಿನಲ್ಲಿಯೂ 45, ಗದ್ದಲದ ಯುದ್ಧದ ನಡುವೆಯೂ 45. ಅಂಕಿ ಹೀಗೆ ಅಲ್ಲಾಡದೆ ನಿಂತಿದ್ದರೆ, ಅದೂ ಹರ್ಟ್ಸ್‌ನ ಸರಿಯಾಗಿ ಅರ್ಧವಾಗಿದ್ದರೆ, ಅದು ನಿಮ್ಮ ಯಂತ್ರದ ನಿಜವಾದ ವೇಗವಲ್ಲ. ಗಡುವು ಪದೇ ಪದೇ ತಪ್ಪುವುದನ್ನು ಕಂಡ ತಂತ್ರಾಂಶ ಆಟವನ್ನು ಅರ್ಧ ವೇಗಕ್ಕೆ ಕಟ್ಟಿಹಾಕಿ, ನಡುವಿನ ಚಿತ್ರಗಳನ್ನು ತಾನೇ ಊಹಿಸಿ ತುಂಬುತ್ತಿರುತ್ತದೆ. ಕಂಪ್ಯೂಟರ್‌ನಲ್ಲಿ ವಿಆರ್ ಆಟ ಓಡಿಸುವ ಸ್ಟೀಮ್‌ವಿಆರ್ ತಂತ್ರಾಂಶದಲ್ಲಿ ಇದರ ಹೆಸರು ಮೋಷನ್ ಸ್ಮೂದಿಂಗ್. ಕ್ವೆಸ್ಟ್ ತಯಾರಕರಾದ ಆಕ್ಯುಲಸ್ (ಈಗ ಮೆಟಾ) ಕಡೆಯಲ್ಲಿ ಎಎಸ್‌ಡಬ್ಲ್ಯೂ. 90 ಹರ್ಟ್ಸ್‌ನಲ್ಲಿ 45, 80ರಲ್ಲಿ 40, 72ರಲ್ಲಿ 36 ಕಂಡರೆ ಮೊದಲ ಅನುಮಾನ ಇದರ ಮೇಲಿರಲಿ.

ಅಂಕಿ ನೋಡದೆಯೂ ಇದನ್ನು ಹಿಡಿಯಬಹುದು. ಕಂಟ್ರೋಲರನ್ನು ಮುಖದ ಮುಂದೆ ಅಡ್ಡಡ್ಡ ಬೀಸಿ. ಒಂದು ಕೈ ಎರಡಾಗಿ ಕಂಡರೆ ಹಳೆಯ ಚಿತ್ರವನ್ನು ಹೊರಳಿಸಿ ತೋರಿಸಲಾಗುತ್ತಿದೆ. ಎರಡಾಗದೆ ಕೈಯ ಅಂಚಿನ ಹಿನ್ನೆಲೆ ಮಾತ್ರ ಹಲ್ವದಂತೆ ಕುಲುಕಿದರೆ ನಡುವಿನ ಚಿತ್ರವನ್ನು ಊಹಿಸಿ ತುಂಬಲಾಗುತ್ತಿದೆ.

ಆಡುವಾಗ ಈ ಸೌಲಭ್ಯ ಒಳ್ಳೆಯದೇ, ಬೇಕಾದವರು ಇಟ್ಟುಕೊಳ್ಳಲಿ. ತಪಾಸಣೆ ಮಾಡುವಾಗ ಮಾತ್ರ ಆಫ್ ಮಾಡಿಡಿ. ಜ್ವರದ ಮಾತ್ರೆ ನುಂಗಿಸಿ ಥರ್ಮಾಮೀಟರ್ ಇಟ್ಟರೆ ಏನು ಪ್ರಯೋಜನ? ನಾವು ಆಫ್ ಮಾಡಿದ ಮೇಲೆ 45ರ ಜಾಗದಲ್ಲಿ 52, 57, 54 ಎಂದು ಅಂಕಿ ಓಡಾಡತೊಡಗಿತು. ಅದು ನಿಜವಾದ ನಾಡಿ.

ಗ್ರಾಫ್ ತೆರೆಯಿರಿ, ಒಂದೇ ಒಂದು ಪರೀಕ್ಷೆ ಮಾಡಿ

ಸ್ಟೀಮ್‌ವಿಆರ್‌ನ ಸೆಟ್ಟಿಂಗ್‌ಗಳಲ್ಲಿ ಫ್ರೇಮ್ ಟೈಮಿಂಗ್ ಗ್ರಾಫ್ ಇದೆ. ಪ್ರೊಸೆಸರ್‌ಗೆ ಒಂದು, ಗ್ರಾಫಿಕ್ಸ್ ಕಾರ್ಡ್‌ಗೆ ಒಂದು ಎಂದು ಅದು ಬೇರೆ ಬೇರೆಯಾಗಿ ತೋರಿಸುತ್ತದೆ. ಆಕ್ಯುಲಸ್ ತಂತ್ರಾಂಶದ ಮೂಲಕವೇ ಓಡುವ ಆಟಗಳಿಗೆ ಆಕ್ಯುಲಸ್ ಡಿಬಗ್ ಟೂಲ್ ಇದೆ. ವೈಫೈ ಮೂಲಕ ಆಟ ಕಳಿಸುವ ವರ್ಚುವಲ್ ಡೆಸ್ಕ್‌ಟಾಪ್ ತಂತ್ರಾಂಶ ಬಳಸುವವರಿಗೆ ಅದರದೇ ಅಂಕಿಪಟ್ಟಿ ಕಣ್ಣೆದುರೇ ತೇಲುತ್ತದೆ. ಯಾವುದಾದರೂ ಸರಿ. ಆಟದಲ್ಲಿ ಪ್ರತಿಸಲ ಎಡವುವ ಒಂದು ಜಾಗವನ್ನು ಗೊತ್ತು ಮಾಡಿಕೊಂಡು, ಅಲ್ಲಿಯೇ ನಿಂತು, ಅದೇ ದಿಕ್ಕಿಗೆ ನೋಡುತ್ತಾ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನೆನಪಿನ ಮೇಲೆ ನಂಬಿಕೆ ಬೇಡ.

ಆಮೇಲೆ ಪರೀಕ್ಷೆ. ಹೆಡ್‌ಸೆಟ್‌ನ ರೆಂಡರ್ ರೆಸಲ್ಯೂಷನ್ (ಎಷ್ಟು ಪಿಕ್ಸೆಲ್ ಬಿಡಿಸಬೇಕೆಂಬ ಅಳತೆ) 100 ಶೇಕಡಾ ಇದ್ದರೆ 50ಕ್ಕೆ ಇಳಿಸಿ, ಆಟವನ್ನು ಮುಚ್ಚಿ ತೆರೆದು ಅದೇ ಜಾಗಕ್ಕೆ ಹೋಗಿ ನಿಲ್ಲಿ. ಚಿತ್ರ ಮಸುಕಾಗುತ್ತದೆ, ಆಗಲಿ. ಫ್ರೇಮ್ ಸಮಯ ಗಣನೀಯವಾಗಿ ಇಳಿದರೆ ಹೊರೆ ಇದ್ದದ್ದು ಗ್ರಾಫಿಕ್ಸ್ ಕಾರ್ಡ್ ಮೇಲೆ. ಚಿತ್ರ ಕೆಟ್ಟರೂ ಎಡವುವುದು ಹಾಗೆಯೇ ಇದ್ದರೆ ಪ್ರೊಸೆಸರನ್ನು ಹಿಡಿಯಿರಿ. ಗ್ರಾಫ್‌ನಲ್ಲಿ ಎರಡೂ ಗಡುವಿನೊಳಗೆ ಅಚ್ಚುಕಟ್ಟಾಗಿದ್ದು ಕಣ್ಣಿಗೆ ಮಾತ್ರ ಎಡವಿದಂತೆ ಕಂಡರೆ ತಪ್ಪು ಸಾಗಣೆಯದು.

ನಮ್ಮ ಪ್ರಕರಣದಲ್ಲಿ ಪ್ರೊಸೆಸರ್ 6 ಮಿಲಿಸೆಕೆಂಡಿನಲ್ಲಿ ಕೆಲಸ ಮುಗಿಸಿ ಕೈಕಟ್ಟಿ ಕುಳಿತಿತ್ತು. ಗ್ರಾಫಿಕ್ಸ್ ಕಾರ್ಡ್ 18 ತೆಗೆದುಕೊಳ್ಳುತ್ತಿತ್ತು. ರೆಸಲ್ಯೂಷನ್ ಅರ್ಧಕ್ಕಿಳಿಸಿದಾಗ 12ಕ್ಕೆ ಬಂತು. ಅಪರಾಧಿ ಗ್ರಾಫಿಕ್ಸ್ ಕಾರ್ಡ್ ಎಂಬುದು ಖಚಿತವಾಯಿತು. ಆದರೆ ಅದೇ ಕಾರ್ಡ್ ಅದೇ ಆಟವನ್ನು ಹಾಸ್ಟೆಲಿನಲ್ಲಿ ಹೂವಿನಂತೆ ಎತ್ತುತ್ತಿತ್ತು. ಇಲ್ಲೇಕೆ ಏದುಸಿರು ಬಿಡುತ್ತಿದೆ?

99 ಶೇಕಡಾ ಎಂದರೆ ಪೂರ್ತಿ ದುಡಿಮೆ ಎಂದಲ್ಲ

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದರೆ ಗ್ರಾಫಿಕ್ಸ್ ಕಾರ್ಡ್ 99 ಶೇಕಡಾ ಬಳಕೆಯಲ್ಲಿದೆ ಎಂದು ತೋರಿಸುತ್ತಿತ್ತು. ಇದನ್ನು ನೋಡಿ ಹುಡುಗ "ಕಾರ್ಡ್ ಸಾಲುತ್ತಿಲ್ಲ, ಹೊಸದೇ ಕೊಳ್ಳಬೇಕು" ಎಂದು ಅವನ ತಂದೆಗೆ ಅರ್ಜಿಯನ್ನೂ ಹಾಕಿಬಿಟ್ಟಿದ್ದ. ಆದರೆ ಆ ಶೇಕಡಾ ಹೇಳುವುದು ಕಾರ್ಡ್ ಬಿಡುವಿಲ್ಲದೆ ಓಡುತ್ತಿದೆ ಎಂದಷ್ಟೇ, ಎಷ್ಟು ವೇಗದಲ್ಲಿ ಓಡುತ್ತಿದೆ ಎಂದಲ್ಲ. ಒಂದನೇ ಗೇರಿನಲ್ಲಿಯೂ ಎಂಜಿನ್ ಬಿಡುವಿಲ್ಲದೆ ತಿರುಗುತ್ತದೆ. ನೋಡಬೇಕಾದದ್ದು ಕ್ಲಾಕ್ ವೇಗ ಮತ್ತು ವ್ಯಾಟ್. ಈ ಎರಡನ್ನೂ ತೋರಿಸುವ ಉಚಿತ ತಂತ್ರಾಂಶಗಳು ಬೇಕಾದಷ್ಟಿವೆ. ತೆರೆದು ನೋಡಿದರೆ 1500 ಮೆಗಾಹರ್ಟ್ಸ್ ದಾಟಿ ಓಡಬೇಕಾದ ಕಾರ್ಡ್ 600ರ ಆಸುಪಾಸಿನಲ್ಲಿ ತೆವಳುತ್ತಿತ್ತು.

ಕಾರಣ ಪರದೆಯ ಕೆಳಮೂಲೆಯಲ್ಲಿಯೇ ಇತ್ತು. ಆಟ ಶುರುವಾದಾಗ ಬ್ಯಾಟರಿ 100 ಇತ್ತು, ಈಗ 88. ಪ್ಲಗ್ ಹಾಕಿಯೇ ಇದೆ, ಚಾರ್ಜ್ ಆಗುತ್ತಿರುವ ಗುರುತೂ ಇದೆ, ಆದರೂ ಬ್ಯಾಟರಿ ಇಳಿಯುತ್ತಿದೆ. ವೈರನ್ನು ಹಿಡಿದು ಹಿಂದಕ್ಕೆ ಹೋಗಿ ಅಡಾಪ್ಟರನ್ನು ಮಗುಚಿ ಓದಿದೆ: 65 ವ್ಯಾಟ್. ಲ್ಯಾಪ್‌ಟಾಪ್‌ನ ಜೊತೆಗೆ ಬಂದ 230 ವ್ಯಾಟಿನ ಇಟ್ಟಿಗೆಯಂಥ ಚಾರ್ಜರ್ ಭಾರವೆಂದು ಅವನು ಅದನ್ನು ಹಾಸ್ಟೆಲಿನಲ್ಲಿಯೇ ಬಿಟ್ಟು, ಗೆಳೆಯನ ಟೈಪ್-ಸಿ ಚಾರ್ಜರ್ ತಂದಿದ್ದ. 65 ವ್ಯಾಟಿನಲ್ಲಿ ಪ್ರೊಸೆಸರ್, ಪರದೆ, ಗ್ರಾಫಿಕ್ಸ್ ಕಾರ್ಡ್ ಎಲ್ಲವೂ ಸಂಸಾರ ನಡೆಸಬೇಕು. ಲ್ಯಾಪ್‌ಟಾಪ್ ಜಾಣತನದಿಂದ ಕಾರ್ಡ್‌ನ ಪಾಲನ್ನೇ ಕತ್ತರಿಸಿತ್ತು. ಬರೆಯಲು, ಓದಲು, ಸಿನಿಮಾ ನೋಡಲು ಆ ಚಾರ್ಜರ್ ಧಾರಾಳ ಸಾಕಾಗಿದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

ಇದೇ ಕುಲದ ಇನ್ನೊಂದು ದೋಷ ನಮ್ಮ ಕಡೆಯ ಮನೆಗಳದ್ದು. ಯುಪಿಎಸ್ ಲೈನ್ ಸಾಮಾನ್ಯವಾಗಿ ದೀಪ, ಫ್ಯಾನ್, ಒಂದೆರಡು ಪ್ಲಗ್‌ಗಳಿಗೆ ಮಾತ್ರ ಇರುತ್ತದೆ. ಕರೆಂಟ್ ಹೋದರೆ ಫ್ಯಾನ್ ತಿರುಗುತ್ತಲೇ ಇರುತ್ತದೆ, ಹೆಡ್‌ಸೆಟ್‌ಗೆ ಅದರದೇ ಬ್ಯಾಟರಿ ಇದೆ, ಲ್ಯಾಪ್‌ಟಾಪ್ ಮಾತ್ರ ಸದ್ದಿಲ್ಲದೆ ಬ್ಯಾಟರಿಗೆ ಹೊರಳುತ್ತದೆ. ಬ್ಯಾಟರಿಯ ಮೇಲೆ ಗೇಮಿಂಗ್ ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಕಾರ್ಡ್ ಪೂರ್ಣ ಶಕ್ತಿಯಲ್ಲಿ ಓಡುವುದಿಲ್ಲ. ಒಳಗಿರುವವನಿಗೆ ಹೊರಗಿನ ಲೋಕ ಕಾಣದು. ಅವನಿಗೆ ಗೊತ್ತಾಗುವುದು ಆಟ ಇದ್ದಕ್ಕಿದ್ದಂತೆ ಎಡವತೊಡಗಿತು ಎಂದಷ್ಟೇ.

ವಿದ್ಯುತ್ತಿನ ಬಳಿಕ ಬಿಸಿ. ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕುಸಿಯುವ ಆಟಕ್ಕೆ ಬೇರೆ ರೋಗನಿರ್ಣಯವೇ ಬೇಕಿಲ್ಲ ಎನ್ನುವಷ್ಟು ಇದು ಸಾಮಾನ್ಯ. ಪ್ರೊಸೆಸರ್ 95ರಿಂದ 100 ಡಿಗ್ರಿ ಮುಟ್ಟಿದ ಮೇಲೆ ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಡಬೇಡಿ, ಹಿಂಬದಿಯನ್ನು ಒಂದೆರಡು ಇಂಚು ಎತ್ತರಿಸಿ, ವರ್ಷಗಟ್ಟಲೆ ತೆರೆಯದ ಯಂತ್ರವಾದರೆ ಫ್ಯಾನ್ ಬಾಯಲ್ಲಿ ಕುಳಿತ ಧೂಳಿನ ಗಾದಿಯನ್ನು ತೆಗೆಸಿ. ವಿಂಡೋಸ್‌ನ ಪವರ್ ಮೋಡ್ ಮತ್ತು ಲ್ಯಾಪ್‌ಟಾಪ್ ತಯಾರಕರ ತಂತ್ರಾಂಶದ ಮೋಡ್ ಎರಡೂ ಬೇರೆ ಬೇರೆ. ಒಂದು ಜೋರಿನಲ್ಲಿದ್ದು ಇನ್ನೊಂದು ಸೈಲೆಂಟ್‌ನಲ್ಲಿದ್ದರೆ ಸಾಮಾನ್ಯವಾಗಿ ಸೈಲೆಂಟೇ ಗೆಲ್ಲುತ್ತದೆ.

ಗುಣಾಕಾರದ ಬಲೆ

ವಿದ್ಯುತ್ತು, ಬಿಸಿ ಎರಡೂ ಸರಿಯಿದ್ದು ಗ್ರಾಫಿಕ್ಸ್ ಕಾರ್ಡ್ ಸೋಲುತ್ತಿದ್ದರೆ ರೆಸಲ್ಯೂಷನ್‌ನ ಗುಂಡಿಗಳು ಎಷ್ಟು ಕಡೆ ಇವೆ ಎಂದು ಎಣಿಸಿ. ಹೆಡ್‌ಸೆಟ್‌ನ ತಂತ್ರಾಂಶದಲ್ಲಿ ಒಂದು, ಸ್ಟೀಮ್‌ವಿಆರ್‌ನಲ್ಲಿ ಎಲ್ಲ ಆಟಗಳಿಗೂ ಸೇರಿ ಒಂದು, ಆಯಾ ಆಟಕ್ಕೆ ಪ್ರತ್ಯೇಕವಾಗಿ ಇನ್ನೊಂದು, ಹಲವು ಆಟಗಳ ಒಳಗೆ ಮತ್ತೊಂದು. ಇವು ಒಂದನ್ನೊಂದು ಗುಣಿಸುತ್ತವೆ. ಸ್ಟೀಮ್‌ವಿಆರ್‌ನಲ್ಲಿ ಎಲ್ಲಕ್ಕೂ 150 ಶೇಕಡಾ, ಆ ಆಟಕ್ಕೆ ಬೇರೆ 150 ಶೇಕಡಾ ಇಟ್ಟರೆ ಪಿಕ್ಸೆಲ್‌ಗಳ ಸಂಖ್ಯೆ 225 ಶೇಕಡಾ ಆಗುತ್ತದೆ. ಯಾವತ್ತೋ ಯಾರೋ ಹೇಳಿದ್ದಕ್ಕೆ ಏರಿಸಿ ಮರೆತುಬಿಟ್ಟದ್ದು ವರ್ಷದ ಮೇಲೆ ಕಾಡುತ್ತದೆ. ಎಲ್ಲವನ್ನೂ 100ಕ್ಕೆ ತಂದು, ಒಂದೇ ಕಡೆಯಿಂದ ನಿಯಂತ್ರಿಸುವ ಅಭ್ಯಾಸ ಮಾಡಿಕೊಳ್ಳಿ.

ಆಟದೊಳಗೆ ಇಳಿಸುವುದಾದರೆ ಮೊದಲು ನೆರಳು, ಆಮೇಲೆ ಪ್ರತಿಫಲನ, ಹೊಗೆ ಮತ್ತು ಮಂಜು. ಟೆಕ್ಸ್‌ಚರ್ (ವಸ್ತುಗಳ ಮೈಮೇಲಿನ ಚಿತ್ರ) ಮಾತ್ರ ಸುಮ್ಮನೆ ಇಳಿಸಬೇಡಿ. ಕಾರ್ಡ್‌ನ ಮೆಮೊರಿ ತುಂಬಿ ಚೆಲ್ಲದಿದ್ದರೆ ಅದರಿಂದ ಹೆಚ್ಚು ಲಾಭವಿಲ್ಲ, ನಷ್ಟ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಮೆಮೊರಿ ಚೆಲ್ಲುತ್ತಿದ್ದರೆ ಅದರ ಗುರುತೇ ಬೇರೆ: ಸರಾಸರಿ ಚೆನ್ನಾಗಿಯೇ ಇರುತ್ತದೆ, ತಲೆ ಹೊರಳಿಸಿ ಹೊಸ ದೃಶ್ಯ ಕಂಡಾಗ ಜಗತ್ತು ಗಕ್ಕನೆ ನಿಲ್ಲುತ್ತದೆ.

ಪ್ರೊಸೆಸರ್ ತಡಮಾಡುತ್ತಿದ್ದರೆ

ಇಲ್ಲಿ ಟಾಸ್ಕ್ ಮ್ಯಾನೇಜರ್ ಇನ್ನೂ ದೊಡ್ಡ ಸುಳ್ಳು ಹೇಳುತ್ತದೆ. ಮದುವೆಯ ಪಂಕ್ತಿಯಲ್ಲಿ ಬಡಿಸುವವರು ಎಂಟು ಜನ ಇದ್ದಾರೆ, ಆದರೆ ಅನ್ನದ ಪಾತ್ರೆ ಹಿಡಿದವನು ಒಬ್ಬನೇ. ಸಾರು, ಪಲ್ಯ, ಹಪ್ಪಳದವರೆಲ್ಲ ಅವನ ಹಿಂದೆ ನಿಂತಿದ್ದಾರೆ. ದೂರದಿಂದ ನೋಡಿದವರಿಗೆ ಏಳು ಜನ ಖಾಲಿ ನಿಂತಂತೆ ಕಾಣುತ್ತದೆ. ಆಟಗಳ ಮುಖ್ಯ ಲೆಕ್ಕವೂ ಹಾಗೆ ಬಹುಪಾಲು ಒಂದೇ ಕೋರ್‌ನ (ಪ್ರೊಸೆಸರ್‌ನೊಳಗಿನ ಒಬ್ಬ ಕೆಲಸಗಾರನ) ತಲೆಯ ಮೇಲಿರುತ್ತದೆ. ಎಂಟು ಕೋರ್‌ಗಳಲ್ಲಿ ಒಂದರಷ್ಟು ಕೆಲಸ ಪೂರ್ತಿ ತುಂಬಿದ್ದರೂ ಒಟ್ಟು ಬಳಕೆ 12.5 ಶೇಕಡಾ ಮಾತ್ರ. ವಿಂಡೋಸ್ ಆ ಕೆಲಸವನ್ನು ಕೋರ್‌ನಿಂದ ಕೋರ್‌ಗೆ ದಾಟಿಸುತ್ತಲೂ ಇರುವುದರಿಂದ ಬಿಡಿ ಕೋರ್‌ಗಳ ಗ್ರಾಫ್ ನೋಡಿದರೂ ಸ್ಪಷ್ಟವಾಗುವುದಿಲ್ಲ. ಆದ್ದರಿಂದಲೇ ರೆಸಲ್ಯೂಷನ್ ಪರೀಕ್ಷೆ ಮುಖ್ಯ.

ವಿಮಾನ ಹಾರಿಸುವ, ಕಾರು ಓಡಿಸುವ ಸಿಮ್ಯುಲೇಟರ್‌ಗಳಲ್ಲಿ ಇದು ಹೆಚ್ಚು. ಇಳಿಸಬೇಕಾದದ್ದು ದೂರದ ಭೂಮಿಯ ವಿವರ, ರಸ್ತೆಯ ಮೇಲಿನ ವಾಹನಗಳ ಸಂಖ್ಯೆ, ಎದುರಾಳಿಗಳ ಸಂಖ್ಯೆ. ಕಾರುಗಳ ಹಿಂಬದಿ ಕನ್ನಡಿಯನ್ನೂ ಮರೆಯಬೇಡಿ. ಅದರೊಳಗೆ ಇಡೀ ಜಗತ್ತನ್ನು ಇನ್ನೊಮ್ಮೆ ಬಿಡಿಸಲಾಗುತ್ತಿರುತ್ತದೆ. ಡೆಸ್ಕ್‌ಟಾಪ್ ಇಟ್ಟುಕೊಂಡವರು ಮೆಮೊರಿ ಒಂದೇ ಸ್ಟಿಕ್‌ನಲ್ಲಿದೆಯೇ ನೋಡಿಕೊಳ್ಳಲಿ. ಎರಡು ಸ್ಟಿಕ್‌ಗಳನ್ನು ಸರಿಯಾದ ಸ್ಲಾಟ್‌ಗಳಲ್ಲಿ ಹಾಕಿದರೆ ಪ್ರೊಸೆಸರ್‌ಗೆ ಉಸಿರು ಬರುತ್ತದೆ.

ಎಲ್ಲ ಸರಿಯಿದ್ದು ನಾಲ್ಕೈದು ಸೆಕೆಂಡಿಗೊಮ್ಮೆ ಗಡಿಯಾರ ಹಿಡಿದಂತೆ ಒಂದು ಜರ್ಕ್ ಬಂದರೆ ಆಟವನ್ನು ಬಿಟ್ಟು ಹಿನ್ನೆಲೆಯನ್ನು ನೋಡಿ. ಬಣ್ಣದ ದೀಪ ಮಿನುಗಿಸುವ ತಂತ್ರಾಂಶ, ಆಂಟಿವೈರಸ್, ತೆರೆದಿಟ್ಟ ಬ್ರೌಸರ್, ಪರದೆ ರೆಕಾರ್ಡ್ ಮಾಡುವ ಸೌಲಭ್ಯ, ಕಡೆಗೆ ನೀವು ತಪಾಸಣೆಗೆಂದೇ ತೆರೆದ ತಾಪಮಾನ ತೋರಿಸುವ ತಂತ್ರಾಂಶ ಕೂಡ ಕಳ್ಳನಾಗಿರಬಹುದು. ಒಂದೊಂದಾಗಿ ಮುಚ್ಚುತ್ತಾ ಹೋಗಿ. ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್‌ಗಳಲ್ಲಿರುವ ಹಾರ್ಡ್‌ವೇರ್ ಆಕ್ಸಿಲರೇಟೆಡ್ ಜಿಪಿಯು ಶೆಡ್ಯೂಲಿಂಗ್ ಎಂಬುದನ್ನೂ ಒಮ್ಮೆ ಆಫ್ ಮಾಡಿ, ಯಂತ್ರವನ್ನು ಮರುಚಾಲನೆ ಮಾಡಿ ನೋಡಿ. ಕೆಲವರಿಗೆ ಲಾಭ, ಕೆಲವರಿಗೆ ಏನೂ ಆಗುವುದಿಲ್ಲ.

ಮಾನಿಟರ್‌ನಲ್ಲಿ ಸರಾಗ, ಕಣ್ಣಿಗೆ ಮಾತ್ರ ಎಡವು

ಸಾಗಣೆಯ ದೋಷವನ್ನು ಹಿಡಿಯಲು ಇನ್ನೊಬ್ಬರು ಬೇಕು. ನೀವು ಆಡುತ್ತಿರುವಾಗ ಅವರು ಕಂಪ್ಯೂಟರ್ ಪರದೆಯ ಮೇಲಿನ ಪ್ರತಿಬಿಂಬವನ್ನು ನೋಡಲಿ. ನಿಮಗೆ ಚಿತ್ರ ನಿಂತು ನಿಂತು ಬರುತ್ತಿರುವಾಗ, ಚೌಕಚೌಕವಾಗಿ ಒಡೆಯುವಾಗ, ಸದ್ದು ಗರಗರ ಎನ್ನುವಾಗ ಅಲ್ಲಿ ಎಲ್ಲವೂ ನಯವಾಗಿ ಓಡುತ್ತಿದ್ದರೆ ಆಟದ ಸೆಟ್ಟಿಂಗ್‌ಗಳ ತಂಟೆಗೆ ಹೋಗಬೇಡಿ.

ಕೇಬಲ್ ಆದರೆ ಅದು ಬರೀ ಚಾರ್ಜ್ ಮಾಡುವ ಕೇಬಲ್ಲೇ, ಯುಎಸ್‌ಬಿ 3 ಕೇಬಲ್ಲೇ ನೋಡಿ. ಯುಎಸ್‌ಬಿ 2ರ ಮಿತಿ ಸೆಕೆಂಡಿಗೆ 480 ಮೆಗಾಬಿಟ್, 3ರದ್ದು 5 ಗಿಗಾಬಿಟ್‌ನಿಂದ ಶುರು. ಡೆಸ್ಕ್‌ಟಾಪ್‌ನ ಮುಂಬದಿಯ ಪೋರ್ಟ್ ಬಿಟ್ಟು ಹಿಂಬದಿಯದ್ದಕ್ಕೆ ಚುಚ್ಚಿ. ವೈಫೈ ಆದರೆ ಕಂಪ್ಯೂಟರ್‌ನಿಂದ ರೂಟರ್‌ಗೆ ಕೇಬಲ್ ಎಳೆಯುವುದು ಅರ್ಧ ಚಿಕಿತ್ಸೆ. ಎರಡೂ ತುದಿ ವೈಫೈಯಲ್ಲಿದ್ದರೆ ಪ್ರತಿ ಚಿತ್ರವೂ ಗಾಳಿಯಲ್ಲಿ ಎರಡು ಸಲ ಹಾರಬೇಕು. ಹೆಡ್‌ಸೆಟ್ 5 ಗಿಗಾಹರ್ಟ್ಸ್ ಜಾಲದಲ್ಲಿರಲಿ, ರೂಟರ್ ಅದೇ ಕೋಣೆಯಲ್ಲಿರಲಿ. ನಮ್ಮ ಇಟ್ಟಿಗೆ, ಕಾಂಕ್ರೀಟ್ ಗೋಡೆಗಳನ್ನು ದಾಟುವಷ್ಟರಲ್ಲಿ ಆ ಅಲೆ ಸೊರಗುತ್ತದೆ. ಆಮೇಲೂ ಒಡೆದರೆ ಬಿಟ್‌ರೇಟನ್ನು (ಸೆಕೆಂಡಿಗೆ ಸಾಗುವ ಮಾಹಿತಿಯ ಪ್ರಮಾಣವನ್ನು) ಅರ್ಧಕ್ಕಿಳಿಸಿ. ಇಂಟರ್ನೆಟ್ ಯೋಜನೆಯ ವೇಗ ಹೆಚ್ಚಿಸಿಕೊಂಡರೆ ಇದಕ್ಕೆ ಏನೂ ಆಗದು. ಚಿತ್ರ ಓಡಾಡುವುದು ಮನೆಯೊಳಗೆ ಮಾತ್ರ.

ಫ್ರೇಮ್‌ರೇಟ್‌ನಂತೆಯೇ ಕಾಣುವ ಇನ್ನೊಂದು ಕಾಯಿಲೆ ಇದೆ. ಚಿತ್ರ ನಯವಾಗಿದ್ದು ಜಗತ್ತು ಮಾತ್ರ ನಡುಗಿದರೆ, ಕೈಗಳು ಹಾರಿಹೋಗಿ ಮರಳಿದರೆ ಅದು ಟ್ರ್ಯಾಕಿಂಗ್ ದೋಷ. ಹೆಡ್‌ಸೆಟ್‌ನ ಕ್ಯಾಮೆರಾಗಳಿಗೆ ಕೋಣೆ ಕಾಣಬೇಕು. ಮಬ್ಬು ಬೆಳಕು, ಬೀರುವಿನ ದೊಡ್ಡ ಕನ್ನಡಿ, ಬೋಳು ಗೋಡೆ ಮೂರೂ ಅವಕ್ಕೆ ಆಗದು. ಕ್ವೆಸ್ಟ್‌ನಲ್ಲಿ ಟ್ರ್ಯಾಕಿಂಗ್ ಫ್ರೀಕ್ವೆನ್ಸಿ ಎಂಬ ಆಯ್ಕೆಯಿದೆ. ವಿದೇಶದಿಂದ ತರಿಸಿದ ಹೆಡ್‌ಸೆಟ್ ಆಗಿದ್ದು ಅದು 60 ಹರ್ಟ್ಸ್‌ಗೆ ನಿಂತಿದ್ದರೆ 50ಕ್ಕೆ ಬದಲಿಸಿ. ನಮ್ಮ ವಿದ್ಯುತ್ತಿನ ಲಯ 50.

ಎಲ್ಲವೂ ಸರಿಯಿದ್ದೂ ಸಾಲದಿದ್ದರೆ

ಚಾರ್ಜರ್ ಸರಿ, ಬಿಸಿ ಇಲ್ಲ, ಹಿನ್ನೆಲೆ ಖಾಲಿ, ಕೇಬಲ್ ಚೆನ್ನಾಗಿದೆ, ಆದರೂ ಫ್ರೇಮ್ ಸಮಯ 12.7 ಎಂದು ನಿಂತರೆ ಹಠ ಬೇಡ. ಹೆಡ್‌ಸೆಟ್‌ಅನ್ನು 90ರಿಂದ 72 ಹರ್ಟ್ಸ್‌ಗೆ ಇಳಿಸಿ, ಗಡುವು 13.9ಕ್ಕೆ ಸರಿಯುತ್ತದೆ. ಒಂದೂ ಸರದಿ ತಪ್ಪದ 72, ಪದೇ ಪದೇ ತಪ್ಪುವ 90ಕ್ಕಿಂತ ಹೊಟ್ಟೆಗೆ ಹಿತ. ಗಡುವಿನ ತುದಿಯವರೆಗೆ ತುಂಬಿಸದೆ ಒಂದು ಮಿಲಿಸೆಕೆಂಡ್ ಜಾಗ ಬಿಟ್ಟಿರಿ. ಚಿತ್ರವನ್ನು ಲೆನ್ಸ್‌ಗೆ ತಕ್ಕಂತೆ ಬಾಗಿಸುವ ಕೆಲಸಕ್ಕೂ ಸಮಯ ಬೇಕು. ಆಟದಲ್ಲಿ ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ಹಿಗ್ಗಿಸಿ ತೋರಿಸುವ ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ ಇದ್ದರೆ ಹಚ್ಚಿ ನೋಡಿ, ದೂರದ ಅಕ್ಷರಗಳು ತುಸು ಕಲಸಿದಂತಾಗುವುದನ್ನು ಸಹಿಸುವುದಾದರೆ.

ನಮ್ಮ ಹುಡುಗನಿಗೆ ಇದ್ಯಾವುದೂ ಬೇಕಾಗಲಿಲ್ಲ. ಹಾಸ್ಟೆಲಿನ ಗೆಳೆಯ ವಾರದ ಬಳಿಕ ಕೊರಿಯರ್‌ನಲ್ಲಿ ದೊಡ್ಡ ಚಾರ್ಜರ್ ಕಳಿಸಿದ. ಇಳಿಸಿದ್ದ ಸೆಟ್ಟಿಂಗ್‌ಗಳನ್ನೆಲ್ಲ ಮೊದಲಿನಂತೆ ಏರಿಸಿ, ಅದೇ ಜಾಗದಲ್ಲಿ ನಿಂತು ನೋಡಿದಾಗ ಗ್ರಾಫಿಕ್ಸ್ ಕಾರ್ಡ್ ತೆಗೆದುಕೊಂಡದ್ದು 9 ಮಿಲಿಸೆಕೆಂಡ್. ಹೊಸ ಕಾರ್ಡ್‌ನ ಅರ್ಜಿಯನ್ನು ಅವನು ಇನ್ನೂ ಹಿಂತೆಗೆದುಕೊಂಡಿಲ್ಲ.